ಸುಬ್ಬರಾವ್ ಕೊಟ್ಟ ಮದ್ದು, ಕ್ಯಾನ್ಸರ್ ಹಾಕಿದ ಮರುಪಟ್ಟು

ಮಕ್ಕಳ ರಕ್ತದ ಕ್ಯಾನ್ಸರ್, ಸಂಧಿವಾತ, ಸೋರಿಯಾಸಿಸ್. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಕಾಯಿಲೆಗಳಿಗೆಲ್ಲ ವೈದ್ಯರು ಬರೆದುಕೊಡುವ ಒಂದು ಹಳೆಯ ಔಷಧವಿದೆ. ಅದರ ಹೆಸರು ಮೆಥೋಟ್ರೆಕ್ಸೇಟ್. ಬಳಕೆಗೆ ಬಂದು ಏಳು ದಶಕಗಳು ಕಳೆದರೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಅದರ ಸ್ಥಾನ ಭದ್ರವಾಗಿದೆ. ಈ ಔಷಧದ ಹುಟ್ಟಿನ ಹಿಂದೆ ಇದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೊನೆಯುಸಿರೆಳೆದ ವಿಜ್ಞಾನಿ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಅವರ ಪ್ರಯೋಗಾಲಯದಿಂದ ಹೊರಬಂದ ಔಷಧವು 1948ರಲ್ಲಿ ಜಗತ್ತಿಗೆ ಎರಡು ಸಂಗತಿಗಳನ್ನು ಒಟ್ಟಿಗೇ ತೋರಿಸಿಕೊಟ್ಟಿತು. ರಕ್ತದ ಕ್ಯಾನ್ಸರನ್ನು ರಾಸಾಯನಿಕವೊಂದರಿಂದ ಹಿಮ್ಮೆಟ್ಟಿಸಬಹುದು ಎಂಬುದು ಮೊದಲನೆಯದು. ಹಿಮ್ಮೆಟ್ಟಿದ ಕ್ಯಾನ್ಸರ್ ಅದೇ ಔಷಧಕ್ಕೆ ಜಗ್ಗದೆ ಮರಳಿ ಬರಬಲ್ಲದು ಎಂಬುದು ಎರಡನೆಯದು. ಮೊದಲ ಸಂಗತಿಯ ಸಂತೋಷವನ್ನು ಕಾಣುವಷ್ಟು ಕಾಲ ಅವರು ಬದುಕಿದ್ದರು. ಎರಡನೆಯದಕ್ಕೆ ಉತ್ತರ ಹುಡುಕುವ ಅವಕಾಶ ಅವರಿಗೆ ದೊರೆಯಲಿಲ್ಲ.

ಗೋದಾವರಿ ಸೀಮೆಯ ಬಾಲಕ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು. ಭೀಮಾವರಂ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರರು. ಅನಾರೋಗ್ಯದಿಂದಾಗಿ ಅವರು ಅವಧಿಗೆ ಮುನ್ನವೇ ನಿವೃತ್ತರಾದ ಮೇಲೆ ಸಂಸಾರದ ಭಾರವೆಲ್ಲ ತಾಯಿ ವೆಂಕಮ್ಮನವರ ಮೇಲೆ ಬಿತ್ತು. ಬಾಲಕ ಸುಬ್ಬರಾವ್‌ಗೆ ಓದಿನಲ್ಲಿ ಅಂಥ ಆಸಕ್ತಿ ಇರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವ ಯೋಚನೆಯಿಂದ ಮನೆ ಬಿಟ್ಟು ಹೊರಟದ್ದೂ ಉಂಟು. ತಾಯಿ ಬಿಡಲಿಲ್ಲ. ಹಿಂದಕ್ಕೆ ಕರೆತಂದು ಶಾಲೆಗೆ ಕಳುಹಿಸಿದರು. ಎರಡು ಬಾರಿ ಅನುತ್ತೀರ್ಣರಾಗಿ ಮೂರನೆಯ ಪ್ರಯತ್ನದಲ್ಲಿ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಅವರು ಮೆಟ್ರಿಕ್ಯುಲೇಷನ್ ಮುಗಿಸಿದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಮನಸ್ಸು ಸನ್ಯಾಸದ ಕಡೆಗೆ ವಾಲಿತು. ರಾಮಕೃಷ್ಣ ಮಿಷನ್ ಸೇರಬೇಕೆಂಬ ಹಂಬಲಕ್ಕೆ ತಾಯಿಯ ಒಪ್ಪಿಗೆ ಸಿಗಲಿಲ್ಲ. ಮೊದಲು ವೈದ್ಯನಾಗು, ಜನರ ಸೇವೆಗೆ ಅದೇ ದಾರಿ ಎಂಬ ಸಲಹೆ ಮಠದ ಕಡೆಯಿಂದಲೂ ಬಂದಿತು. ಹಾಗೆ ಅವರು ಮದರಾಸು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾದರು. ಓದಿನ ಖರ್ಚಿಗೆ ನೆರವಾದವರು ಕಸ್ತೂರಿ ಸೂರ್ಯನಾರಾಯಣಮೂರ್ತಿ. ಅವರ ಮಗಳು ಶೇಷಗಿರಿಯನ್ನು ಸುಬ್ಬರಾವ್ ವಿವಾಹವಾದರು.

ಅದು ಸ್ವದೇಶಿ ಚಳವಳಿಯ ಕಾಲ. ಗಾಂಧೀಜಿಯ ಕರೆಗೆ ಓಗೊಟ್ಟ ಸುಬ್ಬರಾವ್ ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಶಸ್ತ್ರವೈದ್ಯ ವಿಭಾಗದ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಮಾಡಿದ್ದರೂ ಅವರಿಗೆ ದೊರೆತದ್ದು ಪೂರ್ಣ ಎಂಬಿಬಿಎಸ್ ಪದವಿಯಲ್ಲ, ಅದಕ್ಕಿಂತ ಕೆಳದರ್ಜೆಯ ಎಲ್ಎಂಎಸ್ ಪ್ರಮಾಣಪತ್ರ. ಆ ಕಾರಣದಿಂದ ಮದರಾಸು ವೈದ್ಯಕೀಯ ಸೇವೆಯ ಬಾಗಿಲು ಅವರಿಗೆ ಮುಚ್ಚಿತು.

ಇದೇ ವರ್ಷಗಳಲ್ಲಿ ಮನೆಯ ಮೇಲೆ ಇನ್ನೊಂದು ಆಘಾತ ಎರಗಿತು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡಿತು. ತಿಂದ ಅನ್ನ ಮೈಗೆ ಹತ್ತದೆ, ರಕ್ತಹೀನತೆಯಿಂದ ದೇಹ ದಿನೇ ದಿನೇ ಸೊರಗುವ ರೋಗವದು. ಸುಬ್ಬರಾವ್ ಅವರನ್ನೂ ಆ ರೋಗ ಕಾಡಿತು. ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಬಳಿಕ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು. ಆದರೆ ಸಹೋದರರನ್ನು ಕೊಂದ ರೋಗಕ್ಕೆ ಕಾರಣ ಹುಡುಕಬೇಕೆಂಬ ಛಲ ಅವರನ್ನು ಸುಮ್ಮನಿರಗೊಡಲಿಲ್ಲ. ಮಾವನವರು ಹೊಂದಿಸಿದ ಹಣ ಹಾಗೂ ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯ್ಕರ್ ಧರ್ಮಸಂಸ್ಥೆಯ ನೆರವಿನ ಭರವಸೆಯೊಂದಿಗೆ ಅವರು ಅಮೆರಿಕಕ್ಕೆ ಹೊರಟರು.

ಹಾರ್ವರ್ಡ್‌ನ ಹದಿನೇಳು ವರ್ಷ

ಸುಬ್ಬರಾವ್ ಬಾಸ್ಟನ್ ತಲುಪಿದ್ದು 1923ರ ಅಕ್ಟೋಬರಿನಲ್ಲಿ. ಭಾರತೀಯರಿಗೆ ಅಮೆರಿಕದ ಪೌರತ್ವ ಪಡೆಯುವ ಹಕ್ಕಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದೂ ಅದೇ ವರ್ಷ. ಅವರ ಪದವಿಗೆ ಅಲ್ಲಿ ಮಾನ್ಯತೆ ಇರಲಿಲ್ಲ. ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾಕ್ಕೆ ಓದುತ್ತ, ಹೊಟ್ಟೆಪಾಡಿಗಾಗಿ ಪೀಟರ್ ಬೆಂಟ್ ಬ್ರಿಗ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಳದರ್ಜೆಯ ಕೆಲಸ ಮಾಡಿದರು.

ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡ್‌ನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಅವರ ಕೈಕೆಳಗೆ ಸಂಶೋಧನೆ ಆರಂಭವಾಯಿತು. ರಕ್ತ, ಮೂತ್ರ ಹಾಗೂ ಅಂಗಾಂಶಗಳಲ್ಲಿ ರಂಜಕ ಎಷ್ಟಿದೆಯೆಂದು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವೊಂದನ್ನು ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ಫಿಸ್ಕೆ-ಸುಬ್ಬರಾವ್ ವಿಧಾನವೆಂದೇ ಅದು ಪಠ್ಯಪುಸ್ತಕಗಳನ್ನು ಸೇರಿತು. ತಲೆಮಾರುಗಳ ಕಾಲ ಜೀವರಸಾಯನದ ವಿದ್ಯಾರ್ಥಿಗಳು ಸುಬ್ಬರಾವ್ ಹೆಸರು ಕೇಳಿದ್ದರೆ ಅದು ಈ ವಿಧಾನದಿಂದ.

ಅದೇ ಅಳತೆಗೋಲನ್ನು ಹಿಡಿದು ಅವರು ಸ್ನಾಯುವಿನ ಒಳಹೊಕ್ಕರು. 1927ರಲ್ಲಿ ಫಾಸ್ಫೋಕ್ರಿಯೇಟಿನ್, 1929ರಲ್ಲಿ ಎಟಿಪಿ ಎಂದು ಇಂದು ಶಾಲಾಮಕ್ಕಳೂ ಬಲ್ಲ ಅಡಿನೊಸಿನ್ ಟ್ರೈಫಾಸ್ಫೇಟ್ ಅವರ ಕೈಗೆ ಸಿಕ್ಕಿದವು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಎಟಿಪಿಯನ್ನು ಗುರುತಿಸಿದ್ದರು. ಜೀವಕೋಶ ತನ್ನ ಎಲ್ಲ ಕೆಲಸಗಳಿಗೆ ಬಳಸುವ ಶಕ್ತಿಯ ಚಲಾವಣೆಯ ನಾಣ್ಯ ಈ ಎಟಿಪಿ. ಸ್ನಾಯುವಿನ ಸಂಕೋಚನಕ್ಕೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂಬ, 1922ರ ನೊಬೆಲ್ ಗೌರವದ ಬೆಂಬಲವಿದ್ದ ವಾದ ಈ ಶೋಧಗಳಿಂದ ಸಡಿಲವಾಯಿತು.

1930ರಲ್ಲಿ ಸುಬ್ಬರಾವ್‌ಗೆ ಪಿಎಚ್.ಡಿ. ದೊರೆಯಿತು. ಆದರೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಮಾತ್ರ ಸಿಗಲಿಲ್ಲ. ಹದಿನೇಳು ವರ್ಷಗಳ ಬಳಿಕ, 1940ರಲ್ಲಿ, ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಊರಿನಲ್ಲಿದ್ದ ಲೆಡರ್ಲೆ ಔಷಧ ಕಂಪನಿಯನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ರಕ್ತಹೀನತೆಯ ಬೆನ್ನುಹತ್ತಿ

ಲೆಡರ್ಲೆಯಲ್ಲಿ ಸುಬ್ಬರಾವ್ ಕೈಗೆತ್ತಿಕೊಂಡ ಕೆಲಸ ಅವರನ್ನು ಊರು ಬಿಡಿಸಿದ ಆ ಹಳೆಯ ಪ್ರಶ್ನೆಗೇ ಹತ್ತಿರವಿತ್ತು. ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಮುಂಬಯಿಯ ಗರ್ಭಿಣಿಯರಲ್ಲಿ ಕಂಡುಬಂದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್‌ನ ಸಾರದಲ್ಲಿರುವ ಯಾವುದೋ ಅಂಶ ಅದನ್ನು ಗುಣಪಡಿಸುತ್ತದೆಂದು 1931ರಲ್ಲಿ ವರದಿ ಮಾಡಿದ್ದರು. ಪಿತ್ತಜನಕಾಂಗದಲ್ಲೂ ಹಸಿರುಸೊಪ್ಪಿನಲ್ಲೂ ಅಂಥದೇ ಅಂಶವಿತ್ತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದ ಅಮೆರಿಕದ ವಿಜ್ಞಾನಿಗಳು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಪ್ರಕೃತಿಯಲ್ಲಿ ಅದು ಸಿಗುತ್ತಿದ್ದುದು ಅತ್ಯಲ್ಪ ಪ್ರಮಾಣದಲ್ಲಿ. ಅದರ ರಚನೆಯನ್ನು ಬಿಡಿಸಿ, ಕಾರ್ಖಾನೆಯಲ್ಲಿ ತಯಾರಿಸಬಹುದಾದ ದಾರಿಯನ್ನು ಕಂಡುಹಿಡಿದದ್ದು ಸುಬ್ಬರಾವ್ ನೇತೃತ್ವದ ತಂಡ. 1945ರಲ್ಲಿ ಫೋಲಿಕ್ ಆಮ್ಲದ ಕೃತಕ ತಯಾರಿಕೆ ಪ್ರಕಟವಾಯಿತು. ಸ್ಪ್ರೂ ರೋಗಿಗಳಿಗೆ ಅದನ್ನು ಕೊಟ್ಟ ವೈದ್ಯರು ಒಳ್ಳೆಯ ಫಲ ಕಂಡರು. ಇಬ್ಬರು ಸಹೋದರರನ್ನು ಕಳೆದುಕೊಂಡ ಎರಡು ದಶಕಗಳ ಮೇಲೆ ಸುಬ್ಬರಾವ್ ಆ ರೋಗಕ್ಕೆ ಮದ್ದು ಒದಗಿಸಿದ್ದರು.

ಇದರ ಜೊತೆಜೊತೆಗೇ ಅದೇ ಪ್ರಯೋಗಾಲಯದಿಂದ ಆನೆಕಾಲು ರೋಗಕ್ಕೆ ಕಾರಣವಾದ ಹುಳುಗಳನ್ನು ಕೊಲ್ಲುವ ಹೆಟ್ರಜಾನ್ ಹೊರಬಂದಿತು. ಕಲಬುರಗಿ, ಬೀದರ್ ಮೊದಲಾದ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಆನೆಕಾಲು ರೋಗದ ತಡೆಗೆ ಮನೆಮನೆಗೆ ಹೋಗಿ ನುಂಗಿಸಿದ ಡಿಇಸಿ ಮಾತ್ರೆ ಇದೇ. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಪ್ರತಿಜೀವಕವಾದ ಆರಿಯೋಮೈಸಿನ್ ಕೂಡ ಸುಬ್ಬರಾವ್ ಸಂಶೋಧನಾ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಬೆಂಜಮಿನ್ ಡಗ್ಗರ್ ಅವರಿಂದ ಶೋಧವಾಯಿತು.

ವಿಟಮಿನ್ನಿನ ವೇಷ ತೊಟ್ಟ ಮದ್ದು

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ತೀವ್ರ ಲ್ಯುಕೇಮಿಯಾ ತಗುಲಿದ ಮಕ್ಕಳು ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದ ಕಾಲವದು. ರಕ್ತ ಕೊಡುವುದು, ನೋವು ತಗ್ಗಿಸುವುದು ಬಿಟ್ಟರೆ ವೈದ್ಯರ ಕೈಯಲ್ಲಿ ಏನೂ ಇರಲಿಲ್ಲ. ರಕ್ತಹೀನತೆಯನ್ನು ಸರಿಪಡಿಸುವ ಫೋಲಿಕ್ ಆಮ್ಲ ಮೂಳೆಮಜ್ಜೆಯ ಈ ಕಾಯಿಲೆಗೂ ಒಳಿತು ಮಾಡೀತೇ ಎಂದು ನೋಡಲು ಫಾರ್ಬರ್ ಲೆಡರ್ಲೆಯಿಂದ ಫೋಲಿಕ್ ಆಮ್ಲಕ್ಕೆ ಸಂಬಂಧಿಸಿದ ವಸ್ತುಗಳನ್ನು ತರಿಸಿಕೊಂಡರು. ಫಲ ವಿರುದ್ಧವಾಗಿತ್ತು. ಮಕ್ಕಳ ಮಜ್ಜೆಯಲ್ಲಿ ಲ್ಯುಕೇಮಿಯಾ ಇನ್ನಷ್ಟು ವೇಗವಾಗಿ ಬೆಳೆದಂತೆ ಅವರಿಗೆ ಕಂಡಿತು.

ಆ ಸೋಲಿನಲ್ಲಿಯೇ ಫಾರ್ಬರ್‌ಗೆ ದಾರಿ ಹೊಳೆಯಿತು. ಫೋಲಿಕ್ ಆಮ್ಲ ಕೊಟ್ಟರೆ ರೋಗ ಬೆಳೆಯುವುದಾದರೆ, ಅದನ್ನು ತಡೆದರೆ ರೋಗ ಕುಗ್ಗಬೇಕು. ವಿಟಮಿನ್ನಿನಂತೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ಅಣುಗಳು ಬೇಕಾಗಿದ್ದವು. ಸುಬ್ಬರಾವ್ ತಂಡ ಅಂಥ ಅಣುಗಳನ್ನು ಆಗಲೇ ತಯಾರಿಸತೊಡಗಿತ್ತು. ಮೊದಲು ಕಳುಹಿಸಿದವು ದುರ್ಬಲವಾಗಿದ್ದವು. 1947ರಲ್ಲಿ ಮಾತೃಸಂಸ್ಥೆಯಾದ ಅಮೆರಿಕನ್ ಸಯನಮಿಡ್‌ನ ಡೋರಿಸ್ ಸೀಗರ್ ಮತ್ತು ಸಹೋದ್ಯೋಗಿಗಳು ಅಮಿನೊಪ್ಟೆರಿನ್ ತಯಾರಿಸಿದರು. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಕಡೆ ಆಮ್ಲಜನಕವಿರಬೇಕಾದ ಜಾಗದಲ್ಲಿ ಸಾರಜನಕದ ಗುಂಪೊಂದನ್ನು ಕೂರಿಸಿದರೆ ಅದು ಅಮಿನೊಪ್ಟೆರಿನ್. ಇನ್ನೊಂದು ಕಡೆ ಚಿಕ್ಕದೊಂದು ಮಿಥೈಲ್ ಗುಂಪು ಸೇರಿಸಿದರೆ ಅದು ಮುಂದೆ ಮೆಥೋಟ್ರೆಕ್ಸೇಟ್ ಎಂದು ಹೆಸರಾದ ಅಮೆಥೊಪ್ಟೆರಿನ್.

ಇಷ್ಟು ಸಣ್ಣ ಬದಲಾವಣೆಯ ಪರಿಣಾಮ ದೊಡ್ಡದು. ಕೋಶವೊಂದು ಎರಡಾಗಬೇಕಾದರೆ ಮೊದಲು ಅದರ ಡಿಎನ್‌ಎ ಇಮ್ಮಡಿಯಾಗಬೇಕು. ಡಿಎನ್‌ಎ ಕಟ್ಟುವ ಇಟ್ಟಿಗೆಗಳು ತಯಾರಾಗಲು ಫೋಲಿಕ್ ಆಮ್ಲದ ಒಂದು ಸಕ್ರಿಯ ರೂಪ ಬೇಕು. ಆ ರೂಪವನ್ನು ಸಿದ್ಧಪಡಿಸುವ ಕಿಣ್ವಕ್ಕೆ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂದು ಹೆಸರು. ಅಮಿನೊಪ್ಟೆರಿನ್ ಈ ಕಿಣ್ವಕ್ಕೆ ನಿಜವಾದ ವಿಟಮಿನ್ನಿಗಿಂತ ಎಷ್ಟೋ ಪಟ್ಟು ಬಿಗಿಯಾಗಿ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಬೇಗ ಬೇಗ ವಿಭಜನೆಯಾಗುವ ಲ್ಯುಕೇಮಿಯಾ ಕೋಶಗಳು ಇಟ್ಟಿಗೆಯಿಲ್ಲದೆ ಸಾಯುತ್ತವೆ. ಬಾಯಿಯ ಒಳಪದರ, ಕರುಳು, ಮಜ್ಜೆಯ ಆರೋಗ್ಯವಂತ ಕೋಶಗಳೂ ಬೇಗ ವಿಭಜನೆಯಾಗುವುದರಿಂದ ಅವುಗಳಿಗೂ ಪೆಟ್ಟು ತಪ್ಪಿದ್ದಲ್ಲ. ಕಿಣ್ವದ ಈ ವಿವರಗಳು ಸ್ಪಷ್ಟವಾದದ್ದು 1950ರ ದಶಕದ ಕೊನೆಯಲ್ಲಿ. ಸುಬ್ಬರಾವ್ ಮತ್ತು ಫಾರ್ಬರ್ ಕೆಲಸ ಮಾಡಿದ್ದು ವಿಟಮಿನ್ನನ್ನು ಅದರ ನಕಲಿನಿಂದ ತಡೆಯಬಹುದೆಂಬ ತರ್ಕವೊಂದನ್ನೇ ನಂಬಿ.

1948ರ ಜೂನ್ 3ರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಸಂಚಿಕೆಯಲ್ಲಿ ಫಾರ್ಬರ್ ತಂಡದ ವರದಿ ಪ್ರಕಟವಾಯಿತು. ಅಮಿನೊಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಂದಿ ಚೇತರಿಕೆ ತೋರಿದ್ದರು. ಊದಿಕೊಂಡಿದ್ದ ಗುಲ್ಮ ಇಳಿದಿತ್ತು, ರಕ್ತದ ಎಣಿಕೆ ಸಹಜದತ್ತ ಮರಳಿತ್ತು, ಹಾಸಿಗೆ ಹಿಡಿದ ಮಕ್ಕಳು ಎದ್ದು ಆಡತೊಡಗಿದ್ದರು. ಆದರೂ ಫಾರ್ಬರ್ ವರದಿಯ ಶೀರ್ಷಿಕೆಯಲ್ಲಿಯೇ ಈ ಚೇತರಿಕೆ ತಾತ್ಕಾಲಿಕವೆಂದು ಹೇಳಿಬಿಟ್ಟಿದ್ದರು. ಕೆಲವು ವಾರ ಅಥವಾ ತಿಂಗಳುಗಳ ಬಳಿಕ ರೋಗ ಮರಳುತ್ತಿತ್ತು. ಮೊದಲ ಬಾರಿ ಪವಾಡ ಮಾಡಿದ ಔಷಧ ಎರಡನೆಯ ಬಾರಿ ಕೆಲಸ ಮಾಡುತ್ತಿರಲಿಲ್ಲ.

ಎರಡು ತಿಂಗಳ ಅಂತರ

ಆ ವರದಿ ಬಂದು ಎರಡು ತಿಂಗಳಾಗಿತ್ತಷ್ಟೆ. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಸುಬ್ಬರಾವ್ ನಿದ್ರೆಯಲ್ಲಿಯೇ ತೀರಿಕೊಂಡರು. ಹೃದಯಾಘಾತ ಕಾರಣವಾಗಿತ್ತು. ವಯಸ್ಸು 53. ಸ್ವದೇಶಕ್ಕೆ ಅವರು ಮರಳಲೇ ಇಲ್ಲ. ಮೂರು ವರ್ಷಗಳಲ್ಲಿ ಬರುವೆನೆಂದು ನಂಬಿ ಕಾದಿದ್ದ ಪತ್ನಿಯನ್ನು ಮತ್ತೆ ಕಾಣಲಿಲ್ಲ. 1946ರ ಕಾನೂನು ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆದಿದ್ದರೂ ಅವರು ಅಮೆರಿಕದ ಪ್ರಜೆಯಾಗಲಿಲ್ಲ.

ಅವರು ಬಿಟ್ಟುಹೋದ ಔಷಧ ಮಾತ್ರ ಪ್ರಶ್ನೆಯೊಂದನ್ನು ಉಳಿಸಿಹೋಯಿತು. ಮೊದಲು ಸತ್ತ ಕೋಶಗಳ ಸಂತಾನವೇ ಆದ ಲ್ಯುಕೇಮಿಯಾ ಕೋಶಗಳು ಎರಡನೆಯ ಬಾರಿ ಅದೇ ಔಷಧಕ್ಕೆ ಏಕೆ ಜಗ್ಗುವುದಿಲ್ಲ? ಸುಬ್ಬರಾವ್ ಅವರ ಅಣುವೇ ಮುಂದಿನ ಮೂರು ದಶಕಗಳಲ್ಲಿ ಈ ಪ್ರಶ್ನೆಯ ಉತ್ತರ ಹುಡುಕುವ ಸಾಧನವೂ ಆಯಿತು.

ಕ್ಯಾನ್ಸರ್ ಕೋಶ ಔಷಧವನ್ನು ಎದುರಿಸಲು ಕಲಿಯುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಅದು ಕಲಿಕೆಯಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಲಾಯ್ಡ್ ಲಾ 1952ರಲ್ಲಿ ಇಲಿಗಳ ಲ್ಯುಕೇಮಿಯಾ ಕೋಶಗಳ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿದರು. ಔಷಧಕ್ಕೆ ಬಗ್ಗದ ಕೋಶಗಳು ಔಷಧ ಬರುವ ಮುನ್ನವೇ, ಆಕಸ್ಮಿಕ ವಂಶವಾಹಿ ಬದಲಾವಣೆಗಳಿಂದ, ಅಲ್ಲೊಂದು ಇಲ್ಲೊಂದು ಹುಟ್ಟಿಕೊಂಡಿರುತ್ತವೆ. ಔಷಧ ಉಳಿದವನ್ನು ಕೊಂದು ಇವುಗಳಿಗೆ ಬಯಲು ಬಿಟ್ಟುಕೊಡುತ್ತದೆ. ಕಳೆಯ ಮದ್ದು ಹೊಡೆದ ಹೊಲದಲ್ಲಿ ಮದ್ದಿಗೆ ಜಗ್ಗದ ನಾಲ್ಕು ಗಿಡ ಉಳಿದು, ಮುಂದಿನ ಮಳೆಗೆ ಹೊಲವೆಲ್ಲ ಅವೇ ತುಂಬಿಕೊಂಡಂತೆ.

ಕೋಶಗಳು ಪಾರಾಗುವ ದಾರಿಗಳು

ಮೆಥೋಟ್ರೆಕ್ಸೇಟ್‌ನ ವಿಷಯದಲ್ಲಿ ವಿಜ್ಞಾನಿಗಳು ಒಂದೊಂದಾಗಿ ಕಂಡುಕೊಂಡ ದಾರಿಗಳು ಹಲವು. ಮೊದಲನೆಯದು ಬಾಗಿಲು ಮುಚ್ಚುವುದು. ಔಷಧ ಕೋಶದೊಳಗೆ ಹೋಗುವುದು ಫೋಲೇಟನ್ನು ಒಳಗೊಯ್ಯುವ ವಾಹಕ ಪ್ರೋಟೀನೊಂದರ ಮೂಲಕ. ಆ ವಾಹಕ ಕೆಟ್ಟರೆ ಅಥವಾ ಕಡಿಮೆಯಾದರೆ ಔಷಧ ಹೊರಗೇ ಉಳಿಯುತ್ತದೆ. ಈ ವಾಹಕದ ಜೀನ್ ಇರುವುದು 21ನೇ ವರ್ಣತಂತುವಿನಲ್ಲಿ. ಕೆಲವು ಮಕ್ಕಳ ಲ್ಯುಕೇಮಿಯಾ ಕೋಶಗಳಲ್ಲಿ ಆ ವರ್ಣತಂತುವಿನ ಹೆಚ್ಚುವರಿ ಪ್ರತಿಗಳಿರುತ್ತವೆ. ಅಂಥ ಕೋಶಗಳು ಔಷಧವನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ, ಆ ಮಕ್ಕಳು ಗುಣವಾಗುವ ಸಂಭವವೂ ಹೆಚ್ಚು.

ಎರಡನೆಯದು ಒಳಗೆ ಬಂದ ಔಷಧವನ್ನು ನಿಲ್ಲಗೊಡದಿರುವುದು. ಕೋಶದೊಳಗೆ ಮೆಥೋಟ್ರೆಕ್ಸೇಟ್‌ಗೆ ಗ್ಲುಟಮೇಟ್ ಎಂಬ ಅಣುಗಳ ಬಾಲವೊಂದು ಅಂಟಿಕೊಳ್ಳುತ್ತದೆ. ಬಾಲ ಉದ್ದವಾದಷ್ಟೂ ಔಷಧ ಹೊರಗೆ ಜಾರುವುದು ಕಷ್ಟ. ಬಾಲ ಅಂಟಿಸುವ ಕಿಣ್ವ ದುರ್ಬಲವಾದರೆ ಔಷಧ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಚಿಕಿತ್ಸೆಯ ನಂತರ ಮರುಕಳಿಸಿದ ಲ್ಯುಕೇಮಿಯಾಗಳಲ್ಲಿ ಕೆಲವಕ್ಕೆ ಈ ಕಿಣ್ವದ ಜೀನ್‌ನಲ್ಲಿ ಬದಲಾವಣೆಗಳಿರುವುದು ಇತ್ತೀಚಿನ ವರ್ಷಗಳಲ್ಲಿ ಪತ್ತೆಯಾಗಿದೆ.

ಮೂರನೆಯದು ಪಂಪು ಹಾಕಿ ಹೊರದಬ್ಬುವುದು. ಕೋಶದ ಪೊರೆಯಲ್ಲಿ ಬೇಡದ ವಸ್ತುಗಳನ್ನು ಹೊರಹಾಕುವ ಪ್ರೋಟೀನ್ ಪಂಪುಗಳಿವೆ. 1976ರಲ್ಲಿ ಕೆನಡಾದ ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪನ್ನು ಗುರುತಿಸಿದರು. ಒಂದು ಔಷಧಕ್ಕೆ ಬಗ್ಗದ ಕೋಶ, ತಾನೆಂದೂ ಕಾಣದ ಬೇರೆ ಔಷಧಗಳಿಗೂ ಬಗ್ಗದಿರುವ ವಿಚಿತ್ರಕ್ಕೆ ಅದರಿಂದ ವಿವರಣೆ ದೊರೆಯಿತು. ಅದೇ ಕುಟುಂಬದ ಬೇರೆ ಪಂಪುಗಳು ಮೆಥೋಟ್ರೆಕ್ಸೇಟನ್ನು ಹೊರಹಾಕುತ್ತವೆ. ಈ ಪಂಪುಗಳೆಲ್ಲ ಓಡುವುದು ಎಟಿಪಿಯ ಬಲದಿಂದ. ಸುಬ್ಬರಾವ್ ಒಂದು ಕಾಲದಲ್ಲಿ ಸ್ನಾಯುವಿನಿಂದ ಬೇರ್ಪಡಿಸಿದ ಅಣುವೇ, ಅವರ ತಂಡ ಕೊಟ್ಟ ಔಷಧವನ್ನು ಹೊರದಬ್ಬಲು ಕ್ಯಾನ್ಸರ್ ಕೋಶಕ್ಕೆ ಇಂಧನ.

ನಾಲ್ಕನೆಯದು ಗುರಿಯ ಆಕಾರವನ್ನೇ ಬದಲಿಸುವುದು. ರಿಡಕ್ಟೇಸ್ ಕಿಣ್ವದ ರಚನೆ ಕೊಂಚ ಬದಲಾದರೆ ಔಷಧ ಅದಕ್ಕೆ ಬಿಗಿಯಾಗಿ ಅಂಟಲಾರದು. ಕಿಣ್ವ ತನ್ನ ಕೆಲಸವನ್ನು ಮುಂದುವರಿಸುತ್ತದೆ.

ಐದನೆಯದು ಎಲ್ಲಕ್ಕಿಂತ ಅಚ್ಚರಿಯದು. ಕಿಣ್ವವನ್ನು ಕಟ್ಟಿಹಾಕುವ ಔಷಧಕ್ಕೆ ಪ್ರತಿಯಾಗಿ ಕಿಣ್ವವನ್ನೇ ರಾಶಿರಾಶಿ ತಯಾರಿಸುವುದು. ನ್ಯೂಯಾರ್ಕಿನ ಜೂನ್ ಬೀಡ್ಲರ್ ಮತ್ತು ಬಾರ್ಬರಾ ಸ್ಪೆಂಗ್ಲರ್ 1976ರಲ್ಲಿ, ಇಂಥ ಔಷಧಗಳಿಗೆ ಬಗ್ಗದ ಹ್ಯಾಮ್‌ಸ್ಟರ್ ಕೋಶಗಳ ವರ್ಣತಂತುಗಳಲ್ಲಿ ಎಂದೂ ಕಾಣದಂಥ ಉದ್ದನೆಯ, ಒಂದೇ ಬಣ್ಣದ ಪಟ್ಟೆಯನ್ನು ಗುರುತಿಸಿದರು. ಎರಡು ವರ್ಷಗಳ ನಂತರ ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಶಿಮ್ಕೆ ತಂಡ, ಮೆಥೋಟ್ರೆಕ್ಸೇಟ್‌ಗೆ ಬಗ್ಗದ ಇಲಿಯ ಕೋಶಗಳಲ್ಲಿ ರಿಡಕ್ಟೇಸ್ ಜೀನ್‌ನ ಪ್ರತಿಗಳೇ ಹಲವು ಪಟ್ಟು ಹೆಚ್ಚಿರುವುದನ್ನು ತೋರಿಸಿತು. ಸಾಮಾನ್ಯ ಕೋಶದಲ್ಲಿ ಎರಡು ಪ್ರತಿಗಳಿರುವ ಜೀನ್, ಈ ಕೋಶಗಳಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಪ್ರತಿಗಳಾಗಿರುತ್ತದೆ. ಪ್ರಾಣಿಕೋಶದ ಜೀನ್‌ಗಳ ಸಂಖ್ಯೆ ಸ್ಥಿರವೆಂದು ನಂಬಿದ್ದ ಕಾಲಕ್ಕೆ ಇದು ದೊಡ್ಡ ಸುದ್ದಿ.

ಈ ಹೆಚ್ಚುವರಿ ಪ್ರತಿಗಳು ಕೆಲವು ಕೋಶಗಳಲ್ಲಿ ವರ್ಣತಂತುವಿನೊಳಗೇ ಸಾಲಾಗಿ ಕುಳಿತಿರುತ್ತವೆ. ಇನ್ನು ಕೆಲವುಗಳಲ್ಲಿ ವರ್ಣತಂತುವಿನಿಂದ ಕಳಚಿ ಸಣ್ಣ ತುಣುಕುಗಳಾಗಿ ತೇಲುತ್ತವೆ. ತೇಲುವ ತುಣುಕುಗಳು ಕೋಶ ಎರಡಾಗುವಾಗ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಔಷಧವಿದ್ದಾಗ ಹೆಚ್ಚು ಪಡೆದದ್ದು ಗೆಲ್ಲುತ್ತದೆ. ಔಷಧ ನಿಂತರೆ ಆ ಹೊರೆ ಕಳಚಿಕೊಂಡದ್ದೇ ಮುಂದೆ ಹೋಗುತ್ತದೆ. ವರ್ಣತಂತುವಿನ ಹೊರಗಿನ ಡಿಎನ್‌ಎ ತುಣುಕುಗಳ ಅಧ್ಯಯನ ಇಂದು ಕ್ಯಾನ್ಸರ್ ಸಂಶೋಧನೆಯ ಬಿಸಿ ವಿಷಯಗಳಲ್ಲೊಂದು.

ಇವಲ್ಲದೆ ಅಡಗುದಾಣಗಳೂ ಉಂಟು. ರಕ್ತದಿಂದ ಮಿದುಳಿಗೆ ಔಷಧ ಸುಲಭವಾಗಿ ದಾಟುವುದಿಲ್ಲ. ಅಲ್ಲಿ ಸೇರಿಕೊಂಡ ಕೋಶಗಳು ಯಾವ ಬದಲಾವಣೆಯೂ ಇಲ್ಲದೆ, ಔಷಧ ತಲುಪಲಿಲ್ಲವೆಂಬ ಒಂದೇ ಕಾರಣಕ್ಕೆ ಬದುಕಿ ಉಳಿಯುತ್ತವೆ.

ಒಂದರ ಬದಲು ನಾಲ್ಕು

ಹೀಗೆ ಹಲವು ದಾರಿಗಳಿರುವಾಗ ಒಂದೇ ಔಷಧದಿಂದ ಗೆಲ್ಲುವುದು ಅಸಾಧ್ಯವೆಂಬುದು ಲೆಕ್ಕದಿಂದಲೇ ತಿಳಿಯುತ್ತದೆ. ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿನ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ ಕೋಶಗಳಿರಬಹುದು. ಹತ್ತು ಲಕ್ಷಕ್ಕೊಂದು ಕೋಶ ಔಷಧಕ್ಕೆ ಬಗ್ಗದು ಎಂದಿಟ್ಟುಕೊಂಡರೂ ಹತ್ತು ಲಕ್ಷ ಕೋಶಗಳು ಉಳಿದುಬಿಡುತ್ತವೆ. ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡನೆಯ ಔಷಧವನ್ನು ಒಟ್ಟಿಗೇ ಕೊಟ್ಟರೆ ಎರಡಕ್ಕೂ ಬಗ್ಗದ ಕೋಶ ಒಂದು ಉಳಿದೀತು. ಮೂರನೆಯದನ್ನೂ ನಾಲ್ಕನೆಯದನ್ನೂ ಸೇರಿಸಿದರೆ ಒಂದೂ ಉಳಿಯದಿರುವ ಸಾಧ್ಯತೆಯೇ ಹೆಚ್ಚು. ಆದರೆ ಔಷಧಗಳನ್ನು ಒಂದಾದ ಮೇಲೊಂದರಂತೆ ಕೊಟ್ಟರೆ ಈ ಲಾಭ ಸಿಗದು. ನಡುವಿನ ಅವಧಿಯಲ್ಲಿ ಉಳಿದ ಕೋಶಗಳು ಮತ್ತೆ ಲಕ್ಷಗಟ್ಟಲೆ ಬೆಳೆದು ಹೊಸ ಬದಲಾವಣೆಗಳಿಗೆ ಎಡೆಮಾಡಿಕೊಡುತ್ತವೆ.

ಕ್ಷಯರೋಗದ ಚಿಕಿತ್ಸೆಯಲ್ಲಿ ಈ ಪಾಠ ಆಗಲೇ ದೊರೆತಿತ್ತು. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ಸೋತ ವೈದ್ಯರು ಜೊತೆಗೆ ಇನ್ನೊಂದು ಔಷಧ ಸೇರಿಸಿ ಗೆದ್ದಿದ್ದರು. ಅದೇ ತರ್ಕವನ್ನು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೀಚ್ 1960ರ ದಶಕದ ಆರಂಭದಲ್ಲಿ ಲ್ಯುಕೇಮಿಯಾಕ್ಕೆ ಅನ್ವಯಿಸಿದರು. ವಿನ್‌ಕ್ರಿಸ್ಟಿನ್, ಅಮೆಥೊಪ್ಟೆರಿನ್, ಜೆರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಶೋಧಿಸಿದ ಮರ್ಕ್ಯಾಪ್ಟೊಪ್ಯೂರಿನ್, ಪ್ರೆಡ್ನಿಸೋನ್ - ನಾಲ್ಕನ್ನೂ ಒಟ್ಟಿಗೇ ಕೊಡುವ ಆ ಪ್ರಯೋಗ ಆ ಕಾಲಕ್ಕೆ ಕ್ರೂರವೆಂದು ಹಲವರಿಗೆ ತೋರಿತ್ತು. ಆದರೆ ಅದು ಫಲ ಕೊಟ್ಟಿತು. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ಮಿದುಳಿನ ಅಡಗುದಾಣಕ್ಕೂ ಚಿಕಿತ್ಸೆ ವಿಸ್ತರಿಸಿದರು. ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಮೆಥೋಟ್ರೆಕ್ಸೇಟ್ ಚುಚ್ಚುವ ಕ್ರಮ ಇಂದಿಗೂ ನಡೆದಿದೆ. ಕೋಶದ ಬಾಗಿಲು ಮುಚ್ಚಿದ್ದರೂ ಒಳನುಗ್ಗುವಷ್ಟು ಭಾರೀ ಪ್ರಮಾಣದಲ್ಲಿ ಔಷಧ ಕೊಟ್ಟು, ಬಳಿಕ ಲ್ಯೂಕೋವೊರಿನ್ ಎಂಬ ಸಿದ್ಧ ಫೋಲೇಟಿನಿಂದ ಆರೋಗ್ಯವಂತ ಕೋಶಗಳನ್ನು ಕಾಪಾಡುವ ವಿಧಾನವೂ ಬಂದಿತು.

1948ರಲ್ಲಿ ಸಾವೊಂದೇ ಖಚಿತವಾಗಿದ್ದ ಮಕ್ಕಳ ಈ ಲ್ಯುಕೇಮಿಯಾದಿಂದ ಇಂದು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುಳಿಯುತ್ತಾರೆ. ಹಾಗೆಂದು ಪ್ರಶ್ನೆ ಮುಗಿದಿಲ್ಲ. ಉಳಿದ ಹತ್ತರಲ್ಲಿ ಹೆಚ್ಚಿನವರನ್ನು ಕಾಡುವುದು ಔಷಧಕ್ಕೆ ಬಗ್ಗದೆ ಮರಳಿ ಬರುವ ರೋಗವೇ. ದೇಹದಲ್ಲಿ ಹರಡಿದ ಗೆಡ್ಡೆಗಳ ವಿಷಯದಲ್ಲಂತೂ ಔಷಧ ಪ್ರತಿರೋಧವೇ ಇಂದಿಗೂ ಸಾವಿನ ಮುಖ್ಯ ಕಾರಣ. ಚಿಕಿತ್ಸೆ ಫಲಿಸಿ ರೋಗಲಕ್ಷಣಗಳೆಲ್ಲ ಮಾಯವಾದ ಮೇಲೂ ಮಕ್ಕಳಿಗೆ ಎರಡು ವರ್ಷಕ್ಕೂ ಮೀರಿ ಮಾತ್ರೆ ಮುಂದುವರಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಮಗು ಚೇತರಿಸಿಕೊಂಡಿತಲ್ಲ ಎಂದು ನಡುವೆ ಔಷಧ ನಿಲ್ಲಿಸಿದರೆ, ಕಣ್ಣಿಗೆ ಕಾಣದೆ ಉಳಿದ ಕೋಶಗಳಿಗೆ ಬಯಲು ಬಿಟ್ಟುಕೊಟ್ಟಂತೆ.

ಉಳಿದ ಹೆಸರು

ಸುಬ್ಬರಾವ್‌ಗೆ ನೊಬೆಲ್ ಬರಲಿಲ್ಲ. ಬದುಕಿದ್ದಾಗ ಅವರು ಪ್ರಚಾರದಿಂದ ದೂರವೇ ಇದ್ದರು. ಅವರ ನಂತರ ಶಿಲೀಂಧ್ರವೊಂದಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಡಲಾಯಿತು. ಜನ್ಮಶತಮಾನೋತ್ಸವದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು. ಅವರನ್ನು ಬಲ್ಲವರ ಸಂಖ್ಯೆ ಇಂದಿಗೂ ಅವರ ಔಷಧಗಳನ್ನು ನುಂಗಿದವರ ಸಂಖ್ಯೆಯ ಮುಂದೆ ಏನೇನೂ ಅಲ್ಲ.

ಆದರೆ ಅವರ ಕೊಡುಗೆಯನ್ನು ಒಂದು ಮಾತ್ರೆಯ ಲೆಕ್ಕದಲ್ಲಿ ಅಳೆಯುವುದು ಸರಿಯಲ್ಲ. ಅಮಿನೊಪ್ಟೆರಿನ್ ಕೆಲವೇ ವಾರಗಳ ಮಟ್ಟಿಗೆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿತು. ಆ ವಾರಗಳು ಇಲ್ಲದಿದ್ದರೆ ಕ್ಯಾನ್ಸರ್ ಮರಳಿ ಬರುವ ಬಗೆ ಹೇಗೆಂದು ಕೇಳುವ ಸಂದರ್ಭವೇ ವೈದ್ಯವಿಜ್ಞಾನಕ್ಕೆ ಒದಗುತ್ತಿರಲಿಲ್ಲ. ಅದನ್ನು ಕೇಳಿದ್ದರಿಂದಲೇ ನಾಲ್ಕು ಔಷಧಗಳ ಚಿಕಿತ್ಸೆ ಬಂದಿತು, ಕೆಲವು ವಾರಗಳ ಚೇತರಿಕೆ ಪೂರ್ಣ ಆಯುಷ್ಯವಾಗಿ ಬೆಳೆಯಿತು. ಇಂದು ಲ್ಯುಕೇಮಿಯಾದಿಂದ ಗುಣವಾಗಿ ಶಾಲೆಗೆ ಮರಳುವ ಮಕ್ಕಳ ಚಿಕಿತ್ಸೆಯ ಚೀಟಿಯಲ್ಲಿ ಮೆಥೋಟ್ರೆಕ್ಸೇಟ್ ಹೆಸರು ಈಗಲೂ ಇದೆ. ಅದರ ಅಕ್ಕಪಕ್ಕದಲ್ಲಿ ಬೇರೆ ಔಷಧಗಳ ಹೆಸರುಗಳೂ ಇವೆ.